ಬಾಟಲಿ ಒಂದೇ, ತೆರುವ ಬೆಲೆ ಬೇರೆ



ಇಫ್ತಾರಿಗೆ ಖರ್ಜೂರ ಹಿಡಿದು ಕುಳಿತವರ ಮುಂದೆ ಮದ್ಯದ ಮಾತೇಕೆ ಎಂದು ನೀವು ಕೇಳಬಹುದು. ನಾವು ಕುಡಿಯುವವರಲ್ಲ, ನಮ್ಮ ಮಕ್ಕಳು ಮದ್ರಸದಲ್ಲಿ ಓದಿದವರು ಎಂಬ ಧೈರ್ಯ ನಮಗಿದೆ. ನನಗೂ ಇತ್ತು. ಆದರೆ ಕಳೆದ ವರ್ಷ ಒಂದೇ ತಿಂಗಳಲ್ಲಿ ಇಬ್ಬರು ತಂದೆಯಂದಿರು ನನ್ನೆದುರು ಕುಳಿತು ಅತ್ತರು. ಅವರ ಹೆಸರು ಬೇಡ, ಊರು ಬೇಡ.

ಒಬ್ಬರು ವೃದ್ಧರ ಆರೈಕೆ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡುವವರು. ಅವರ ಹದಿನೈದರ ಮಗ ಮೈದಾನದ ಮೂಲೆಯಲ್ಲಿ ಗೆಳೆಯರ ಜೊತೆ ಬಿಯರ್ ಕುಡಿದು ಚಳಿಯಲ್ಲಿ ಬಿದ್ದಿದ್ದ. ಗಾರ್ಡಾ ಪೊಲೀಸರು ಮನೆಗೆ ತಂದು ಬಿಟ್ಟರು. ಮುಂದಿನ ಜುಮಾದೊಳಗೆ ವಿಷಯ ಎಲ್ಲರಿಗೂ ತಿಳಿದಿತ್ತು. ಇನ್ನೊಬ್ಬರು ಒಳ್ಳೆಯ ಸಂಬಳದ ಇಂಜಿನಿಯರ್. ಅವರ ಮಗ ಸಹಪಾಠಿಯ ದೊಡ್ಡ ಮನೆಯ ಹುಟ್ಟುಹಬ್ಬದಲ್ಲಿ ವೋಡ್ಕಾ ಕುಡಿದ. ಆ ಮನೆಯ ತಾಯಿ ಅವನನ್ನು ಮಲಗಿಸಿ, ಬೆಳಿಗ್ಗೆ ಕಾರಿನಲ್ಲಿ ತಂದು ಬಿಟ್ಟರು. ಅದು ಯಾರಿಗೂ ತಿಳಿಯಲಿಲ್ಲ.

ನಾನು ಲೆಕ್ಕ ಬರೆಯುವವನು. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ತಪ್ಪು ಒಂದೇ, ವಯಸ್ಸೂ ಒಂದೇ. ತೆತ್ತ ಬೆಲೆ ಮಾತ್ರ ಬೇರೆ.

ಕುಡಿತ ಬಡವರ ರೋಗ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಅನುಕೂಲಸ್ಥರ ಮನೆಯ ಹದಿಹರೆಯದವರೂ ಕುಡಿಯುತ್ತಾರೆ. ಜೇಬಿನಲ್ಲಿ ಹಣ, ಮನೆಯಲ್ಲಿ ಬಾಟಲಿ, ಕಣ್ಣು ಮುಚ್ಚಿಕೊಳ್ಳುವ ಹಿರಿಯರು ಇದ್ದಲ್ಲಿ ಅದು ಇನ್ನೂ ಸುಲಭ. ಆದರೆ ವಯಸ್ಕರ ವಿಷಯದಲ್ಲಿ ಸಂಶೋಧಕರು ಮತ್ತೆ ಮತ್ತೆ ಕಂಡದ್ದು ಇದು: ಸಮನಾಗಿ ಕುಡಿದರೂ ಆಸ್ಪತ್ರೆ ಮತ್ತು ಸಾವು ಬಡವರ ಪಾಲಿಗೆ ಹೆಚ್ಚು. ಬಿದ್ದವನನ್ನು ಎತ್ತಲು ಶ್ರೀಮಂತನಿಗೆ ಹತ್ತು ಕೈಗಳಿವೆ. ರಾತ್ರಿ ಪಾಳಿಯ ತಂದೆಯ ಮಗನಿಗೆ ಆ ಹೊತ್ತಿನಲ್ಲಿ ಒಂದು ಕೈಯೂ ಇಲ್ಲ.

ಕಾನೂನಿಗೂ ತನ್ನ ಮಿತಿಯಿದೆ. ನಮ್ಮ ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ನಿಂತಿತು. ಬಾರುಗಳ ಬಾಟಲಿ ನಿಲ್ಲಲಿಲ್ಲ. ಐರ್ಲೆಂಡಿನಲ್ಲಿ 18 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2022ರ ಜನವರಿ 4ರಿಂದ ಹತ್ತು ಗ್ರಾಂ ಆಲ್ಕೋಹಾಲ್ ಇರುವ ಪಾನೀಯವನ್ನು ಒಂದು ಯೂರೋಗಿಂತ ಕಡಿಮೆಗೆ ಕೊಡುವಂತೆಯೂ ಇಲ್ಲ. ಅಗ್ಗದ ಬಾಟಲಿ ದುಬಾರಿಯಾಯಿತು, ಒಳ್ಳೆಯದೇ. ಆದರೆ ದೊಡ್ಡ ಮನೆಯ ಕಪಾಟನ್ನು ಬೆಲೆ ತಡೆಯಲಾರದು. ಅಲ್ಲಿ ತಡೆಯುವುದು ಮನಸ್ಸು ಮಾತ್ರ.

ಅಂಥ ಮನಸ್ಸು ಹೇಗಿರುತ್ತದೆ ಎಂಬುದಕ್ಕೆ ಮದೀನಾದ ಒಂದು ಮನೆಯನ್ನು ನೆನೆಯಿರಿ. ಅಬೂ ತಲ್ಹಾ(ರ) ಅನ್ಸಾರಿಗಳಲ್ಲಿ ಅತಿ ಹೆಚ್ಚು ಖರ್ಜೂರದ ತೋಟಗಳಿದ್ದವರು. ಅವರ ಮನೆಯಲ್ಲಿ ಹಿರಿಯರು ಖರ್ಜೂರದ ಮದ್ಯ ಕುಡಿಯುತ್ತ ಕುಳಿತಿದ್ದರು. ಬಡಿಸುತ್ತಿದ್ದವರು ಎಲ್ಲರಿಗಿಂತ ಕಿರಿಯರಾದ ಅನಸ್(ರ), ಆಗಿನ್ನೂ ಹದಿಹರೆಯದವರು. ಮದ್ಯ ನಿಷಿದ್ಧವಾಯಿತು ಎಂಬ ಕೂಗು ಬೀದಿಯಲ್ಲಿ ಕೇಳಿಸಿತು. ಹೊರಗೆ ಸುರಿದುಬಿಡು ಎಂದು ಅಬೂ ತಲ್ಹಾ(ರ) ಹೇಳಿದರು. ಅನಸ್(ರ) ಸುರಿದರು. ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತು. ಹಿರಿಯರಲ್ಲಿ ಯಾರೂ ಮರುಪ್ರಶ್ನೆ ಕೇಳಲಿಲ್ಲ.

ಸಹೋದರರೇ, ಇಲ್ಲಿ ಒಂದನ್ನು ಗಮನಿಸಿ. ಆ ಹುಡುಗನಿಗೆ ಯಾರೂ ಉಪನ್ಯಾಸ ಕೊಡಲಿಲ್ಲ. ಶ್ರೀಮಂತ ಯಜಮಾನ ತನ್ನ ಬಟ್ಟಲನ್ನು ಬಿಟ್ಟದ್ದನ್ನು ಅವನು ಕಣ್ಣಾರೆ ಕಂಡ, ಅಷ್ಟೇ.

ನಮ್ಮ ಮಕ್ಕಳು ನಮ್ಮಲ್ಲಿ ಏನು ಕಾಣುತ್ತಿದ್ದಾರೆ? ಕೇರ್ ಕೆಲಸಗಾರನ ಮಗ ಎಡವಿದರೆ ಮಸೀದಿಯ ಮೆಟ್ಟಿಲಲ್ಲಿ ಪಿಸುಮಾತು. ಇಂಜಿನಿಯರನ ಮಗ ಎಡವಿದರೆ ಮೌನ. ಗಣ್ಯರ ತಪ್ಪನ್ನು ಬಿಟ್ಟು ದುರ್ಬಲರನ್ನು ಮಾತ್ರ ಹಿಡಿದದ್ದೇ ಹಿಂದಿನ ಜನಾಂಗಗಳ ನಾಶಕ್ಕೆ ಕಾರಣವೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ಒಬ್ಬನನ್ನು ಯಾರೋ ಶಪಿಸಿದಾಗ ಪ್ರವಾದಿ(ಸ) ತಡೆದರು. ಅವನು ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನು ಎಂದರು. ಹದಿನೈದರ ಹುಡುಗನ ಬಗ್ಗೆ ನಾವು ಆಡಿದ ಮಾತುಗಳಿಗೆ ಏನು ಉತ್ತರ ಕೊಡುವೆವು? ಆ ಬಾಲಕ ಈಗ ಜುಮಾಕ್ಕೆ ಬರುವುದನ್ನು ಬಿಟ್ಟಿದ್ದಾನೆ. ಅವನನ್ನು ಓಡಿಸಿದ್ದು ಬಿಯರ್ ಅಲ್ಲ, ನಾವು. ಆ ಮಾತುಗಳನ್ನು ಕೇಳಿ ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಅಲ್ಲಾಹನು ಕ್ಷಮಿಸಲಿ.

ಈ ರಮಝಾನಿನಲ್ಲಿ ನಾವು ಮಾಡಬಹುದಾದದ್ದು ಇಷ್ಟು.

ಮಗನೊಂದಿಗೆ ಮಾತನಾಡಿ. ಹೋಟೆಲಿನಲ್ಲಿ ಟ್ರೇ ಹಿಡಿಯುವವರು, ಅಂಗಡಿಯಲ್ಲಿ ಬಾಟಲಿಗೆ ಬಿಲ್ ಹಾಕುವವರು ನಮ್ಮಲ್ಲಿದ್ದಾರೆ. ಅದರ ವಿಧಿಯನ್ನು ಉಲಮಾಗಳಲ್ಲಿ ಕೇಳಿ. ಬೇರೆ ಕೆಲಸ ಹುಡುಕುತ್ತಿದ್ದರೆ ಅದನ್ನೂ ಮಗನಿಗೆ ತಿಳಿಸಿ. ಮುಚ್ಚಿಟ್ಟರೆ ಅವನು ತಾನೇ ಅರ್ಥ ಕಟ್ಟಿಕೊಳ್ಳುತ್ತಾನೆ. ಮಕ್ಕಳು ಊರಿನಲ್ಲಿದ್ದರೆ, ಹಣ ಕಳಿಸಿದ ದಿನ ಹಣದ ಜೊತೆಗೆ ಅರ್ಧ ಗಂಟೆಯ ಮಾತನ್ನೂ ಕಳಿಸಿ.

ನೆರೆಯ ಐರಿಶ್ ಮನೆಗಳನ್ನು ಕೀಳಾಗಿ ಕಾಣಬೇಡಿ. ಕನ್ಫರ್ಮೇಶನ್ ದಿನ 18 ತುಂಬುವವರೆಗೆ ಕುಡಿಯೆನೆಂದು ಪ್ರತಿಜ್ಞೆ ಮಾಡುವ ಮಕ್ಕಳು ಅವರಲ್ಲೂ ಇದ್ದಾರೆ. ಕಾರ್ಕ್ ನಗರದಲ್ಲಿ 1838ರಲ್ಲಿ ಪಾದ್ರಿ ಥಿಯೊಬಾಲ್ಡ್ ಮ್ಯಾಥ್ಯೂ ಆರಂಭಿಸಿದ ಚಳವಳಿಯಲ್ಲಿ ಲಕ್ಷಾಂತರ ಜನ ಮದ್ಯ ಬಿಟ್ಟರು. ನಿಮ್ಮ ಮಗನಿಗೆ ಅಂಥ ಗೆಳೆಯನನ್ನು ಹುಡುಕಿಕೊಡಿ.

ಮಗು ಕುಡಿದು ಪ್ರಜ್ಞೆ ತಪ್ಪಿದ್ದರೆ ಮಾನಕ್ಕೆ ಹೆದರಿ ಬಾಗಿಲು ಮುಚ್ಚಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, 112 ಅಥವಾ 999ಕ್ಕೆ ಕರೆ ಮಾಡಿ. ನಂತರದ ಸಲಹೆಗೆ ಎಚ್‌ಎಸ್‌ಇಯ ಉಚಿತ ಸಹಾಯವಾಣಿ 1800 459 459 ಇದೆ.

ಕೊನೆಯದಾಗಿ, ರಾತ್ರಿ ಪಾಳಿಯವರ ಮಕ್ಕಳನ್ನು ತರಾವೀಹ್‌ಗೆ ಕರೆತಂದು ಮನೆಗೆ ಬಿಡುವ ಹೊಣೆಯನ್ನು ಕಾರು ಇದ್ದವರು ಹೊರಲಿ. ಬಿದ್ದವನಿಗೆ ಹತ್ತು ಕೈಗಳು ಬೇಕು ಎಂದೆನಲ್ಲ, ಆ ಕೈಗಳು ನಮ್ಮವೇ ಆಗಲಿ.

ಅಲ್ಲಾಹನು ನಮ್ಮ ಉಪವಾಸಗಳನ್ನು ಸ್ವೀಕರಿಸಲಿ. ನಮ್ಮ ಮಕ್ಕಳನ್ನು ಕಾಪಾಡಲಿ, ಎಡವಿದವರನ್ನು ಮರಳಿ ತರಲಿ, ಅವರು ಬಂದಾಗ ಸಫ್‌ನಲ್ಲಿ ಜಾಗ ಬಿಟ್ಟುಕೊಡುವ ಮನಸ್ಸನ್ನು ನಮಗೆ ಕೊಡಲಿ. ಆಮೀನ್.