ಎಣಿಕೆಗೆ ಬಂದವರು

2018ರ ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಮಸ್ಕಿ ವಿಧಾನಸಭಾ ಕ್ಷೇತ್ರದ ಎಣಿಕೆ ಮುಗಿದಾಗ ಗೆದ್ದ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರಿಗೂ ಸೋತ ಬಿಜೆಪಿಯ ಬಸನಗೌಡ ತುರ್ವಿಹಾಳರಿಗೂ ನಡುವೆ ಇದ್ದದ್ದು 213 ಮತಗಳ ಅಂತರ. ಇಬ್ಬರಿಗೂ ತಲಾ ಅರವತ್ತು ಸಾವಿರಕ್ಕೆ ಮಿಕ್ಕಿ ಮತ ಬಿದ್ದಿತ್ತು. ನಮ್ಮ ಕಡೆಯ ಮದುವೆಯಲ್ಲಿ ಎರಡು ಪಂಕ್ತಿ ಉಂಡೆದ್ದರೆ ಇನ್ನೂರ ಹದಿಮೂರು ಜನ ಆಗಿಬಿಡುತ್ತಾರೆ. ಲೆಕ್ಕವನ್ನು ಇನ್ನಷ್ಟು ಬಿಡಿಸಿದರೆ, 107 ಜನ ಮನಸ್ಸು ಬದಲಿಸಿ ಇನ್ನೊಂದು ಗುಂಡಿ ಒತ್ತಿದ್ದರೆ ಸಾಕಿತ್ತು, ಶಾಸಕರು ಬೇರೆಯಾಗುತ್ತಿದ್ದರು.

ಆ 107 ಜನ ಯಾರು? ಇದಕ್ಕೆ ಉತ್ತರ ಚುನಾವಣಾ ಆಯೋಗಕ್ಕೂ ಗೊತ್ತಿಲ್ಲ, ಗೆದ್ದವರಿಗೂ ಗೊತ್ತಿಲ್ಲ. ಯಾವುದೋ ತಾಂಡಾದ ಮುದುಕಿ ಇರಬಹುದು, ಯಾವುದೋ ಕ್ಯಾಂಪಿನ ಟ್ರ್ಯಾಕ್ಟರ್ ಡ್ರೈವರ್ ಇರಬಹುದು, ಮೊದಲ ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಕಾಲೇಜು ಹುಡುಗಿ ಇರಬಹುದು. ಗೆದ್ದವರಿಗೆ ಮತ ಹಾಕಿದ ಅರವತ್ತು ಸಾವಿರ ಜನರಲ್ಲಿ ಒಬ್ಬೊಬ್ಬರೂ ‘ಗೆಲ್ಲಿಸಿದ್ದು ನಾನೇ’ ಎಂದರೂ ಅದನ್ನು ಸುಳ್ಳೆಂದು ತಳ್ಳಿಹಾಕಲು ಆಗುವುದಿಲ್ಲ. ಅಧಿಕಾರ ಇಷ್ಟೊಂದು ಕೈಗಳಿಗೆ ಹಂಚಿಹೋಗಿ, ಕೊನೆಗೆ ಅದು ಯಾರ ಕೈಯಲ್ಲಿತ್ತೆಂಬ ಗುರುತೇ ಉಳಿಯದ ಹಾಗೆ ಕೆಲಸ ಮಾಡುತ್ತದಲ್ಲ, ನನ್ನ ಬೆರಗು ಹುಟ್ಟುವುದೇ ಅಲ್ಲಿ.

ಮುಂದಿನ ಕಥೆಯೂ ಕಡಿಮೆಯದಲ್ಲ. ಸೋತವರು ಹೈಕೋರ್ಟಿಗೆ ಹೋದರು. ಗೆದ್ದವರು 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟ ಶಾಸಕರ ಗುಂಪು ಸೇರಿ ಅನರ್ಹರಾದರು. ಆ ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ, ಕೋರ್ಟಿನಲ್ಲಿ ತಕರಾರು ಅರ್ಜಿ ಇದ್ದ ಕಾರಣ ಮಸ್ಕಿಯನ್ನು ಬಿಟ್ಟರು. ಹೀಗೆ ಒಂದೂ ಮುಕ್ಕಾಲು ವರ್ಷ ಈ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ಕೊನೆಗೆ 2021ರ ಏಪ್ರಿಲ್ 17ರಂದು, ಕೊರೊನಾದ ಎರಡನೇ ಅಲೆ ಏರುತ್ತಿದ್ದ ದಿನಗಳಲ್ಲಿ ಮತದಾನವಾಯಿತು. ಕಣದಲ್ಲಿ ಎದುರುಬದುರಾದದ್ದು ಅದೇ ಇಬ್ಬರು, ಪಕ್ಷಗಳು ಮಾತ್ರ ಅದಲುಬದಲು. ಈ ಸಲ ತುರ್ವಿಹಾಳರು ಗೆದ್ದ ಅಂತರ 30,606. ಯಾವ ಪಕ್ಷ ಗೆದ್ದಿತು, ಯಾಕೆ ಗೆದ್ದಿತು ಎಂಬ ಚರ್ಚೆ ಒಗ್ಗಾಣಿ-ಮಿರ್ಚಿ ತಿನ್ನುತ್ತಾ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಡೆಯಬೇಕಾದ್ದು, ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ. ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ. 2018ರಲ್ಲಿ ಕೂದಲೆಳೆಯಲ್ಲಿ ಸೋತ ಮನುಷ್ಯ ಮನೆಗೆ ಹೋದ, ಊಟ ಮಾಡಿದ, ಮಲಗಿ ಎದ್ದ, ವಕೀಲರನ್ನು ಕಂಡ, ಮತ್ತೆ ಊರೂರು ತಿರುಗಿದ. ಅವನ ತಲೆ ಹೋಗಲಿಲ್ಲ.

ಇದೇನು ದೊಡ್ಡದು ಎನ್ನುವವರು ಲಿಂಗಸುಗೂರು ತಾಲೂಕಿನ ಮುದಗಲ್ಲಿಗೆ ಹೋಗಿ ಆ ಕೋಟೆಯ ಗೋಡೆಯ ದಪ್ಪ ನೋಡಿ ಬರಬೇಕು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಮ್ಮ ಎಡೆದೊರೆ ಸೀಮೆಗಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ರಾಯಚೂರಿಗಾಗಿ ಸೆಣಸಿದರು. ಮುದಗಲ್ಲು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಹೋಗುತ್ತಲೇ ಇತ್ತು. ಪ್ರತಿ ಸಲ ಕೈ ಬದಲಾದಾಗಲೂ ಹೊಲದಲ್ಲಿ ಬಿದ್ದ ಹೆಣಗಳನ್ನು ಎಣಿಸಿದವರಿಲ್ಲ, ರೈತನ ಜೋಳದ ತೆನೆ ಯಾರ ಕುದುರೆ ತಿಂದಿತು ಎಂದು ಬರೆದಿಟ್ಟವರಿಲ್ಲ. ಅದೇ ಎರೆನೆಲದಲ್ಲಿ ಈಗ ಆಳುವವರು ಬದಲಾಗುವುದಕ್ಕೆ ಒಂದು ಶಾಲೆಯ ಕೋಣೆ, ಒಂದು ರಟ್ಟಿನ ಮರೆ, ಮೈಸೂರಿನ ಕಾರ್ಖಾನೆಯಿಂದ ಬಂದ ಒಂದು ಶೀಸೆ ಶಾಯಿ ಸಾಕು.

ಲಿಂಗಸುಗೂರಿನಿಂದ ಹೊರಟು ಮಸ್ಕಿ ದಾಟಿ ಸಿಂಧನೂರು ಸೇರುವ ಹೆದ್ದಾರಿಯಲ್ಲಿ ಮೂರು ಕ್ಷೇತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲು. ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲು. ಸಿಂಧನೂರು ಸಾಮಾನ್ಯ. ಲೋಕಸಭೆಗೆ ಬಂದರೆ ಲಿಂಗಸುಗೂರು ರಾಯಚೂರಿನ ಕಡೆ, ಮಸ್ಕಿ ಮತ್ತು ಸಿಂಧನೂರು ಕೊಪ್ಪಳದ ಕಡೆ. ಬಸ್ಸಿನ ಕಿಟಕಿಯಲ್ಲಿ ನೋಡುವವನಿಗೆ ಈ ಗಡಿಗಳು ಕಾಣುವುದಿಲ್ಲ, ಹತ್ತಿ, ತೊಗರಿ, ಜೋಳ, ಆಮೇಲೆ ಹಸಿರಾದ ಭತ್ತದ ಗದ್ದೆ ಕಾಣುತ್ತವೆ ಅಷ್ಟೆ. ಆದರೆ ಊರ ಬಾವಿಯಲ್ಲಿ ನೀರು ಸೇದಗೊಡದವರ ಮೊಮ್ಮಕ್ಕಳು, ಬಾವಿ ಸೇದಲಾಗದವರ ಮೊಮ್ಮಗನ ಮುಂದೆ ರಸ್ತೆಯ ಅರ್ಜಿ ಹಿಡಿದು ನಿಲ್ಲುವುದು ಈ ಕಾಣದ ಗಡಿಗಳಿಂದಲೇ ಸಾಧ್ಯವಾಗಿದೆ. ಆ ಅರ್ಜಿ ಹಿಡಿದವನ ಮುಖ ಎಲ್ಲ ಸಲವೂ ಪ್ರಸನ್ನವಾಗಿರುವುದಿಲ್ಲ. ಇರಬೇಕಾಗಿಯೂ ಇಲ್ಲ. ಸಂವಿಧಾನ ಅವನಿಂದ ಕೇಳಿದ್ದು ಅರ್ಜಿಯನ್ನು, ಪ್ರೀತಿಯನ್ನಲ್ಲ.

ಮಸ್ಕಿಯ ಹೆಸರೆತ್ತಿದ ಮೇಲೆ ಅಲ್ಲಿನ ಬಂಡೆಯ ಮಾತು ಬಾರದೆ ಇರುವುದಿಲ್ಲ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮಿ ಅಕ್ಷರಗಳ ಶಾಸನ ಕಂಡ. ಅದನ್ನು ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಅಲ್ಲಿಯವರೆಗೆ ದೇಶದ ಬಂಡೆ, ಕಂಬಗಳ ಮೇಲೆ ಸಿಕ್ಕಿದ್ದ ಶಾಸನಗಳಲ್ಲಿ ರಾಜ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಕರೆದುಕೊಂಡಿದ್ದ. ಅವನೇ ಅಶೋಕ ಎಂದು ವಿದ್ವಾಂಸರು ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಚಿನ್ನ ಹುಡುಕುತ್ತಾ ಹೋದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು.

ಹೆಸರಿನ ಗದ್ದಲದಲ್ಲಿ ಆ ಶಾಸನ ಏನು ಹೇಳುತ್ತದೆ ಎಂಬುದು ಹಿಂದೆ ಬಿದ್ದಿದೆ. ಧರ್ಮದಲ್ಲಿ ನಡೆದರೆ ಈ ಎತ್ತರವನ್ನು ಸಣ್ಣವನೂ ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ಸಾರ. ಪಾಟಲಿಪುತ್ರದಲ್ಲಿ ಕೂತ ಚಕ್ರವರ್ತಿಯೊಬ್ಬ ಇಷ್ಟು ದೂರದ ಗುಡ್ಡದಲ್ಲಿ, ಕ್ರಿಸ್ತನಿಗೂ ಇನ್ನೂರೈವತ್ತು ವರ್ಷ ಹಿಂದೆ, ‘ಸಣ್ಣವನೂ’ ಎಂದು ಬರೆಸಿದ. ಓದಿದಾಗ ಮೈ ಜುಮ್ಮೆನ್ನುತ್ತದೆ. ಆದರೂ ಪ್ರಜಾಪ್ರಭುತ್ವದ ಬೇರುಗಳನ್ನು ಅಶೋಕನಲ್ಲಿ, ಅವನಿಗೂ ಹಿಂದಿನವರಲ್ಲಿ ಹುಡುಕಿ ತೃಪ್ತಿಪಡುವ ಭಾಷಣಗಳನ್ನು ಕೇಳಿದಾಗ ನನಗೆ ಇರಿಸುಮುರುಸಾಗುತ್ತದೆ. ಬಂಡೆ ಒಂದೇ ದಿಕ್ಕಿಗೆ ಮಾತಾಡುತ್ತದೆ. ರಾಜ ಹೇಳಿದ, ಮಸ್ಕಿಯ ಸಣ್ಣವನು ಕೇಳಿಸಿಕೊಂಡ. ‘ದೊರೆಯೇ, ಈ ಸಲ ಮಳೆ ಹೋಯಿತು, ಕಂದಾಯ ಬಿಡು’ ಎಂದು ಅವನು ತಿರುಗಿ ಕೆತ್ತಿಸಬಹುದಾದ ಬಂಡೆ ಆ ಗುಡ್ಡದಲ್ಲಿ ಇರಲಿಲ್ಲ. ಒಳ್ಳೆಯ ರಾಜ ಸಿಕ್ಕಿದ್ದು ಆ ಕಾಲದವರ ಅದೃಷ್ಟ. ಅದೃಷ್ಟದ ಮೇಲೆ ಬದುಕುವುದು ಬೇರೆ, ಹಕ್ಕಿನ ಮೇಲೆ ಬದುಕುವುದು ಬೇರೆ.

ಆ ಬಂಡೆ ಬೆಳಕಿಗೆ ಬಂದ 1915ರಲ್ಲಿ ಮಸ್ಕಿ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಆಳ್ವಿಕೆಯಲ್ಲಿತ್ತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸೀಮೆ 1948ರ ಸೆಪ್ಟೆಂಬರ್ 17ರ ತನಕ ಕಾಯಬೇಕಾಯಿತು. ಅದಾಗಿ ನಾಲ್ಕು ವರ್ಷ ತುಂಬುವ ಮೊದಲೇ ಮೊದಲ ಮಹಾಚುನಾವಣೆ ಬಂತು. ನಿನ್ನೆ ಮೊನ್ನೆಯ ತನಕ ದೇಸಾಯಿ, ದೇಶಮುಖರ ವಾಡೆಯ ಮುಂದೆ ಚಪ್ಪಲಿ ಕಳಚಿ ನಿಂತ ರೈತ, ಆ ವಾಡೆಯ ಒಡೆಯನಷ್ಟೇ ತೂಕದ ಒಂದು ಚೀಟಿ ಹಿಡಿದು ಸಾಲಿನಲ್ಲಿ ನಿಂತ. ಓದು ಬಾರದವರಿಗಾಗಿ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಹೆಸರು ಹೇಳಲೊಪ್ಪದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಆ ಸಲದ ಪಟ್ಟಿಯಿಂದ ಬಿಟ್ಟರು. ಅವರಲ್ಲಿ ಹೆಚ್ಚಿನವರು ಉತ್ತರ ಭಾರತದವರು. ಕಠಿಣ ನಿರ್ಧಾರ, ಆದರೆ ಸರಿಯಾದದ್ದು ಎಂದೇ ನನಗನ್ನಿಸುತ್ತದೆ. ಮುಂದಿನ ಸಲ ಪಟ್ಟಿಗೆ ಬರಬೇಕಾದರೆ ಅವರು ತಮ್ಮ ಹೆಸರನ್ನು ತಾವೇ ಬಾಯಿಬಿಟ್ಟು ಹೇಳಬೇಕಾಯಿತು.

ಇಷ್ಟೆಲ್ಲ ಬೆರಗುಪಟ್ಟು ಸಿಂಧನೂರಿನ ಕಾಲುವೆ ದಂಡೆಗೆ ಬಂದು ನಿಂತರೆ ಬೆರಗು ಅರ್ಧಕ್ಕೆ ಇಳಿಯುತ್ತದೆ. ಮತಪೆಟ್ಟಿಗೆಯಲ್ಲಿ ಎಲ್ಲರೂ ಒಂದೇ ತೂಕ, ಕಾಲುವೆಯಲ್ಲಿ ಹಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿಯಬೇಕು. ಯೋಜನೆಯ ಲೆಕ್ಕದಲ್ಲಿ ಈ ನೀರು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ. ನೆಲದಲ್ಲಿ ಬೆಳೆದದ್ದು ಭತ್ತ. ಸಿಂಧನೂರಿನ ಸೋನಾ ಮಸೂರಿ ಊರೂರಿನ ತಟ್ಟೆಗೆ ಹೋಯಿತು, ಮಾನ್ವಿ, ರಾಯಚೂರಿನ ಕೊನೆಭಾಗದ ರೈತ ಪ್ರತಿ ಹಂಗಾಮಿನಲ್ಲೂ ‘ಗೇಜ್ ಎಷ್ಟೈತ್ರಿ?’ ಎಂದು ಕಾಲುವೆಯ ನೀರಿನ ಮಟ್ಟ ಕೇಳುತ್ತಾ ಉಳಿದ. ಮೇಲಿನವರು ರಾತ್ರಿ ಪಂಪು ಹಚ್ಚುತ್ತಾರೆ, ಕೆಳಗಿನವರು ರಸ್ತೆ ತಡೆಯುತ್ತಾರೆ, ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸಬೇಕಾಗುತ್ತದೆ. ಹೂಳು ತುಂಬಿದ ಜಲಾಶಯ ಮೊದಲಿನ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಳಚಿ ಕೊಚ್ಚಿಕೊಂಡು ಹೋದಾಗ ಮಾತ್ರ ಮೇಲಿನವನಿಗೂ ಕೆಳಗಿನವನಿಗೂ ಒಂದೇ ಸಲ ಎದೆ ಧಸಕ್ಕೆಂದಿತು.

ಮಸ್ಕಿಯ ಒಣಭಾಗದ್ದು ಇನ್ನೊಂದು ಕಥೆ. ನಾರಾಯಣಪುರ ಬಲದಂಡೆಯಿಂದ 5ಎ ಕಾಲುವೆ ತಂದು ಕೃಷ್ಣೆಯ ನೀರು ಕೊಡಿ ಎಂದು ಪಾಮನಕಲ್ಲೂರಿನಲ್ಲಿ ರೈತರು 2020ರ ನವೆಂಬರಿನಲ್ಲಿ ಧರಣಿ ಕೂತರು. ನೂರು ದಿನ ದಾಟಿತು. ಮತದಾನ ಬಹಿಷ್ಕರಿಸುವ ಮಾತೂ ಎದ್ದಿತು. ಉಪಚುನಾವಣೆಯ ಪ್ರಚಾರಕ್ಕೆ ಬಂದ ದೊಡ್ಡವರೆಲ್ಲ ಈ ಎರಡಕ್ಷರದ ಕಾಲುವೆಯ ಬಗ್ಗೆ ಏನಾದರೊಂದು ಹೇಳಲೇಬೇಕಾಯಿತು. ಅಂಥ ಟೆಂಟಿನಡಿ ಹೊದಿಕೆ ಹೊದ್ದು ಕೂತ ಮುದುಕರನ್ನು ಕಂಡು ‘ಇವರಿಗೆ ಬೇರೆ ಕೆಲಸವಿಲ್ಲವೆ’ ಎನ್ನುವ ಪೇಟೆಯವರಿಗೆ ನಾನು ಹೇಳುವುದಿಷ್ಟೆ: ಕೆಲಸ ಬಿಟ್ಟು ಬಂದು ಕೂತಿದ್ದಾರೆ, ಅದಕ್ಕೇ ಆ ಧರಣಿಗೆ ಬೆಲೆ.

ಎಣಿಕೆಗೆ ಬರುವುದೇ ದೊಡ್ಡ ಪಾಡಾದವರೂ ಇಲ್ಲಿದ್ದಾರೆ. ಸಿಂಧನೂರಿನ ಸುತ್ತಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳು ನೆಲೆನಿಂತು ಅರ್ಧ ಶತಮಾನ ಕಳೆದಿದೆ. ಮಕ್ಕಳು ಮೊಮ್ಮಕ್ಕಳು ಕನ್ನಡ ಶಾಲೆಗೆ ಹೋದರು, ಕನ್ನಡದಲ್ಲೇ ಜಗಳಾಡಿದರು, ಪೌರತ್ವದ ಕಾಗದಕ್ಕೆ ಮಾತ್ರ ಹಲವರು ದಶಕಗಟ್ಟಲೆ ಕಾದರು. ನಮಗೆ ಹುಟ್ಟುತ್ತಲೇ ಸಿಕ್ಕ ವಸ್ತುವಿನ ಬೆಲೆ ಅವರನ್ನು ಕೇಳಿದರೆ ಗೊತ್ತಾದೀತು. ಇನ್ನು ಗುಳೆ ಹೋದವರು. ಹಟ್ಟಿಯಲ್ಲಿ ಚಿನ್ನ ತೆಗೆಯುವ ಲಿಂಗಸುಗೂರು ತಾಲೂಕಿನಿಂದಲೇ ತಾಂಡಾಗಳ ಜನ ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋಗುತ್ತಾರೆ. ಚುನಾವಣೆ ಬಂದಾಗ ಅವರ ಹೆಸರು ಹಿಡಿದು ಹುಡುಕಿ ಕರೆತರಲು ಗಾಡಿಗಳು ಹೊರಡುತ್ತವೆ. ‘ಓಟಿನ ದಿನ ನಾವಽ ಸಾಹೇಬ್ರು, ಮರುದಿನ ಮತ್ತ ಪುಟ್ಟಿ’ ಎಂಬ ನಗೆ ಆ ಗಾಡಿಗಳಲ್ಲೇ ಹುಟ್ಟುವಂಥದ್ದು. ನಗೆಯಲ್ಲಿ ಕಹಿ ಇದೆ. ಆದರೆ ಪುಟ್ಟಿ ಹೊರುವವನನ್ನು ಒಂದು ದಿನವಾದರೂ ಹೆಸರು ಹಿಡಿದು ಹುಡುಕಿಕೊಂಡು ಬರುವ ಒತ್ತಾಯ ಯಾವ ಸುಲ್ತಾನನಿಗೂ, ಯಾವ ರಾಯನಿಗೂ ಇರಲಿಲ್ಲ ಎಂಬುದನ್ನು ಮರೆಯಲಾರೆ.

ಆ ಒಂದು ದಿನವನ್ನು ಎರಡು ದಿನ ಮಾಡುವುದು ಹೇಗೆ ಎಂಬುದೇ ಉಳಿದಿರುವ ಪ್ರಶ್ನೆ. ಅದಕ್ಕೆ ದೊಡ್ಡ ಸಭಾಂಗಣ ಬೇಕಿಲ್ಲ. ಕಡೇಪಕ್ಷ ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಸಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ನೀರು ಬಳಕೆದಾರರ ಸಹಕಾರ ಸಂಘಗಳೂ ಇವೆ. ಬಹುಪಾಲು ಸಭೆಗಳು ಹತ್ತು ಜನರ ಸಹಿಯಲ್ಲಿ, ಒಂದು ಚಹಾದಲ್ಲಿ ಮುಗಿಯುತ್ತವೆ, ಯಾಕೆಂದರೆ ಉಳಿದವರು ಹೋಗುವುದಿಲ್ಲ. ಮುಂದಿನ ಸಲ ನಿಮ್ಮೂರಲ್ಲಿ ಡಂಗುರ ಹೊಡೆದಾಗ ದಯವಿಟ್ಟು ಹೋಗಿ. ಮುಂದಿನ ಸಾಲಿನಲ್ಲೇ ಕೂರಿ. ಬೇಸರವಾಗುತ್ತದೆ, ಆಗಲಿ. ಕಾಲುವೆಯ ಕೊನೆಯ ತೂಬಿನ ರೈತ ಎದ್ದುನಿಂತು ಮಾತಾಡಿ ಮುಗಿಸುವ ತನಕ ಎದ್ದು ಬರಬೇಡಿ.