ಮೆದು ಗಾರೆಯ ಗುಣ

ರಾಯಚೂರು ಕೋಟೆಯ ಒಳಸುತ್ತಿನ ಗೋಡೆಗೆ ಗಾರೆಯೇ ಇಲ್ಲ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಆ ಗೋಡೆ ನಿಂತಿರುವುದು ಕಲ್ಲಿನ ಭಾರದ ಮೇಲೆಯೇ. ಶಾಸನ ಕೊರೆದ ಕಲ್ಲೊಂದೇ ಸುಮಾರು 41 ಅಡಿ ಉದ್ದ. ಅಂಥ ಬಂಡೆಯನ್ನು ಬಂಡಿಗೆ ಹೇರಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲೇ ಬಿಡಿಸಿದ್ದಾರೆ. ಅಷ್ಟು ಕಲ್ಲು, ಅಷ್ಟು ತೋಳು ಎಲ್ಲ ಕಟ್ಟಡಕ್ಕೂ ಸಿಗುವುದೆಲ್ಲಿ? ಉಳಿದವರು ಸುಣ್ಣವನ್ನು ನಂಬಿದರು.

ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ನೀರು ಹಾಕಿ ಅರಳಿಸಿ, ಮರಳು ಕೂಡಿಸಿ, ಗಾಣದಲ್ಲಿ ಅರೆದು ಗೋಡೆಗೆ ಹಾಕಿದ ಮೇಲೆ ಅದೇ ಅನಿಲವನ್ನು ಗಾಳಿಯಿಂದ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ದಪ್ಪ ಗೋಡೆಯೊಳಗೆ ಅದಕ್ಕೆ ವರ್ಷಗಟ್ಟಲೆ ಬೇಕು. ಸುಟ್ಟ ಇಟ್ಟಿಗೆಯ ಪುಡಿ, ಸುರ್ಕಿ, ಬೆರೆಸಿದರೆ ತೇವದಲ್ಲೂ ಗಟ್ಟಿಯಾಗುತ್ತದೆ. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದಲ್ಲಿ ಬರುವಂಥ ಹಾರುಬೂದಿ ಸಿಮೆಂಟಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ.

ಹಳೆಯ ಗಾರೆಯ ಚಿಕ್ಕ ಚೂರೊಂದು ಬಹಳ ಹೇಳಬಲ್ಲದು. ಅದನ್ನು ರಾಳದಲ್ಲಿ ಕೂರಿಸಿ, 0.03 ಮಿಲಿಮೀಟರಿನಷ್ಟು ತೆಳುವಾಗುವವರೆಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೆಳಕು ಒಳಗಿಂದ ಹಾದುಬರುತ್ತದೆ. ಬೆಣಚುಕಲ್ಲಿನ ಕಣ, ಕೆಂಪು ಸುರ್ಕಿ, ಸರಿಯಾಗಿ ಬೆರೆಯದೆ ಉಳಿದ ಸುಣ್ಣದ ಗಂಟು ಕಣ್ಣಿಗೆ ಬೀಳುತ್ತವೆ. ಇನ್ನೊಂದು ಚೂರನ್ನು ಆಮ್ಲಕ್ಕೆ ಹಾಕಿದರೆ ಸುಣ್ಣ ನೊರೆಯೆದ್ದು ಕರಗಿ ಮರಳು ತಳದಲ್ಲಿ ನಿಲ್ಲುತ್ತದೆ. ತೂಗಿದರೆ ಹದ ತಿಳಿಯಿತು. ಕರಾವಳಿಯ ಗಾರೆಯಲ್ಲಾದರೆ ಚಿಪ್ಪಿನ ತುಣುಕು, ಸಮುದ್ರದ ಉಪ್ಪು ಕೂಡ ಸಿಗಬಹುದು. ಹೆಸರು ಉಳಿಯದ ಒಬ್ಬ ಗಾರೆಯವನ ಕೈ ಅಲ್ಲಿ ಕಾಣುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡದು.

ದೇವದುರ್ಗ, ಮಾನ್ವಿ ಸೀಮೆಯಲ್ಲಾಗಲಿ ಬೇರೆಲ್ಲೇ ಆಗಲಿ, ಗುಡಿ ಬಿರುಕು ಬಿಟ್ಟರೆ ನಮ್ಮ ಕೈ ಮೊದಲು ಹೋಗುವುದು ಸಿಮೆಂಟಿಗೆ. ಮೆತ್ತುವುದು ಭಕ್ತಿಯಿಂದಲೇ. ಆದರೆ ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ತಡೆಯುತ್ತದೆ. ಒಳಗುಳಿದ ತೇವದ ಉಪ್ಪು ಪಕ್ಕದ ಇಟ್ಟಿಗೆಯಲ್ಲಿ, ಮೆದುಗಲ್ಲಿನಲ್ಲಿ ಹರಳುಗಟ್ಟಿ ಅವನ್ನೇ ಪದರು ಪದರಾಗಿ ಉದುರಿಸುತ್ತದೆ. ಗೋಡೆ ಅಲುಗಿದಾಗ ಸುಣ್ಣದ ಗಾರೆ ತಾನು ಬಿರಿದು ಕಲ್ಲನ್ನು ಉಳಿಸುತ್ತದೆ. ಗಾರೆಯನ್ನು ಮತ್ತೆ ತುಂಬಬಹುದು. ಒಡೆದ ಶಿಲ್ಪವನ್ನು ಎಲ್ಲಿಂದ ತರುವುದು?

ಕಷ್ಟದಲ್ಲಿರುವ ಮನುಷ್ಯರಿಗೆ ನೆರವಾಗುವಾಗಲೂ ನಾವು ಹೀಗೇ ಮಾಡುತ್ತೇವೆ. ಅವರ ಒಳಗಿನ ಹದ ಕೇಳುವ ತಾಳ್ಮೆಯಿಲ್ಲದೆ, ನಮಗೆ ಗಟ್ಟಿ ಅನಿಸಿದ್ದನ್ನು ಅವರ ಮೇಲೆ ಹೇರುತ್ತೇವೆ. ಆಮೇಲೆ ಅವರು ಕುಸಿದರೆ ತಪ್ಪು ಅವರದೇ ಅನ್ನುತ್ತೇವೆ.

ಜೀರ್ಣೋದ್ಧಾರಕ್ಕೆ ಪಟ್ಟಿ ಎತ್ತುವ ಹಿರಿಯರಲ್ಲಿ ನನ್ನದೊಂದು ವಿನಂತಿ: ಸಿಮೆಂಟ್ ಚೀಲ ಇಳಿಸುವ ಮುಂಚೆ ಪುರಾತತ್ವ ಇಲಾಖೆಯವರನ್ನು ಕೇಳಿ, ಉದುರಿದ ಗಾರೆಯ ಒಂದು ಚೂರನ್ನು ಪರೀಕ್ಷೆಗೆ ಕಳಿಸಿ. ಸುಣ್ಣ ಅರೆದು ಗೊತ್ತಿರುವ ಮುದುಕರು ಸುತ್ತಲ ಊರುಗಳಲ್ಲಿ ಇದ್ದರೆ, ಅವರನ್ನು ಕರೆಸಿ ಹುಡುಗರಿಗೆ ಆ ಕೆಲಸ ಕಲಿಸಿ.