ಆರಲಿ ಬಿಡಿ

ಸೂಳೆಕೆರೆಯ ಏರಿ ದಾಟಿ ಸ್ವಲ್ಪ ಮುಂದೆ, ರಸ್ತೆ ಬದಿಯಲ್ಲಿ ಒಂದು ಲಾರಿ ಬಂದು ನಿಂತಿತು. ಚನ್ನಗಿರಿ ಕಡೆಯಿಂದ ಅಡಿಕೆ ಹೇರಿಕೊಂಡು ಬಂದದ್ದು. ತಾಡಪಾಲಿನ ಸಂದಿಯಿಂದ ರಾಶಿ ಅಡಿಕೆಯ ಚೊಗರಿನ ವಾಸನೆ ಬರುತ್ತಿತ್ತು. ಡ್ರೈವರ್ ಹ್ಯಾಂಡ್‌ಬ್ರೇಕ್ ಎಳೆದು ಇಳಿದ. ಎಂಜಿನ್ ಮಾತ್ರ ಗುರುಗುಡುತ್ತಲೇ ಇತ್ತು. ಸಿದ್ಧೇಶ್ವರನ ಗುಡಿಯ ದಿಕ್ಕಿಗೆ ಒಮ್ಮೆ ಕೈ ಮುಗಿದ, ಬಾಟಲಿ ನೀರಲ್ಲಿ ಮುಖ ತೊಳೆದ, ಟೈರುಗಳಿಗೆ ಒಂದೊಂದು ಏಟು ಹಾಕುತ್ತ ಸುತ್ತು ಬಂದ. ‘ಆಫ್ ಮಾಡಬಾರದಾ? ಡೀಸೆಲ್ ದಂಡ’ ಅಂದೆ.

‘ಟರ್ಬೊ ಗಾಡಿ ಸಾರ್. ಆರ್ಲಿ’ ಅಂದ.

ಹಾಗೆ ಕೇಳಿದೆನಾದರೂ ಆ ಮಾತಿನ ಬೆಲೆ ನನಗೆ ಗೊತ್ತಿತ್ತು, ದುಡ್ಡು ಕೊಟ್ಟು ಕಲಿತದ್ದು. ತೋಟದ ಕೆಲಸಕ್ಕೆಂದು ನಾನೊಂದು ಸಣ್ಣ ಗೂಡ್ಸ್ ಗಾಡಿ ಇಟ್ಟಿದ್ದೆ. ಗೊಬ್ಬರದ ಮೂಟೆ ತುಂಬಿ ಹೈವೇಯಲ್ಲಿ ಒತ್ತಿಕೊಂಡು ಬಂದು, ಚಕ್ರ ಪೂರಾ ನಿಲ್ಲುವ ಮೊದಲೇ ಕೀ ತಿರುಗಿಸಿ ಜಿಗಿಯುವುದು ನನ್ನ ಶೈಲಿ. ಅದನ್ನು ಚುರುಕುತನ ಅಂದುಕೊಂಡಿದ್ದೆ. ಎರಡನೇ ವರ್ಷ ಟರ್ಬೊದ ಸೀಟಿಯಂಥ ಸದ್ದು ಚೀರಾಟವಾಯಿತು, ನೀಲಿ ಹೊಗೆ ಬಂತು, ಏರು ಎಳೆಯದಾಯಿತು. ಮೆಕ್ಯಾನಿಕ್ ಟರ್ಬೊ ಬಿಚ್ಚಿ ಅದರ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿದ. ಸಡಿಲ ಹಲ್ಲಿನಂತೆ ಅತ್ತಿತ್ತ ಆಡಿತು. ಆಯಿಲ್ ಇಳಿಯುವ ಕೊಳವೆಯೊಳಗೆ ತಂತಿ ಹಾಕಿ ಕೆರೆದ. ತಳ ಹಿಡಿದ ಪಾತ್ರೆಯ ಸೀಕಲಿನಂತೆ ಕರೀ ಚಕ್ಕೆಗಳು ಅವನ ಅಂಗೈಗೆ ಉದುರಿದವು. ‘ಇದು ಓಡ್ಸಿ ಹಾಳಾಗಿದ್ದಲ್ಲ, ನಿಲ್ಸಿ ಹಾಳಾಗಿದ್ದು’ ಅಂದ.

ವಿಷಯ ಇಷ್ಟೆ. ಎಂಜಿನ್ ಉಗುಳುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವುದು ಟರ್ಬೊ. ಪೋಲಾಗುವ ಹೊಗೆಯನ್ನೇ ದುಡಿಮೆಗೆ ಹಚ್ಚುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಲೋಡ್ ಎಳೆಯುವಾಗ ಆ ಅಚ್ಚು ನಿಮಿಷಕ್ಕೆ ಸುಮಾರು 1 ಲಕ್ಷ ಸುತ್ತು ತಿರುಗುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಆಯಿಲ್ಲಿನ ತೆಳ್ಳನೆಯ ಪೊರೆ. ಒಂದು ಬದಿಯಲ್ಲಿ 600 ಡಿಗ್ರಿ ಆಸುಪಾಸಿನ ಹೊಗೆ. ಆ ಕಾವನ್ನು ಹೊತ್ತೊಯ್ಯುವುದೂ ಅದೇ ಆಯಿಲ್. ಕೀ ತಿರುಗಿಸಿದೊಡನೆ ಆಯಿಲ್ ಪಂಪು ನಿಲ್ಲುತ್ತದೆ. ಚಕ್ರ ತಕ್ಷಣ ನಿಲ್ಲುವುದಿಲ್ಲ, ಕಾವಂತೂ ಎಲ್ಲಿಗೂ ಹೋಗುವುದಿಲ್ಲ. ಹೊರಗಿನ ಬೀಡುಕಬ್ಬಿಣದಲ್ಲಿ ತುಂಬಿಕೊಂಡ ಬಿಸಿ ನಿಧಾನಕ್ಕೆ ನಡುವಿನ ಬೇರಿಂಗಿನತ್ತ ನುಗ್ಗುತ್ತದೆ. ಬೇರಿಂಗು ಅತಿ ಹೆಚ್ಚು ಕಾಯುವುದು ಏರು ಹತ್ತುವಾಗಲ್ಲ, ಹತ್ತಿ ನಿಂತ ಮೇಲೆ. ಅಲ್ಲಿ ನಿಂತುಹೋದ ಆಯಿಲ್ ಸುಟ್ಟು ಕರಿಕಾಗುತ್ತದೆ. ಒಂದೇ ದಿನಕ್ಕಲ್ಲ, ದಿನಕ್ಕೊಂದು ಪದರ.

ಇದಕ್ಕೆ ಮದ್ದು ಎರಡು-ಮೂರು ನಿಮಿಷ ಸ್ಲೋನಲ್ಲಿ ಬಿಡುವುದು. ಸಣ್ಣಗೆ ಓಡುವ ಎಂಜಿನ್ನಿನ ಹೊಗೆ ಅಷ್ಟು ಬಿಸಿಯಿರುವುದಿಲ್ಲ, ಆಯಿಲ್ ಮಾತ್ರ ಹರಿಯುತ್ತಿರುತ್ತದೆ. ಕೊನೆಯ ಮೈಲಿಯನ್ನು ಊರೊಳಗೆ ನಿಧಾನವಾಗಿ ಬಂದವನಿಗೆ ಅಷ್ಟೂ ಬೇಡ, ದಾರಿಯಲ್ಲೇ ಆರಿರುತ್ತದೆ. ಹೈವೇಯಿಂದ ನೇರ ಢಾಬಾಕ್ಕೆ ನುಗ್ಗಿ ಆಫ್ ಮಾಡುವವನದೇ ತೊಂದರೆ. ಹಾಗಂತ ಊಟ ಮುಗಿಯುವ ತನಕ ಎಂಜಿನ್ ಓಡುತ್ತಿರಲಿ ಅನ್ನುವವರೂ ಇದ್ದಾರೆ. ಅದು ಡೀಸೆಲ್ಲಿಗೂ ದಂಡ, ಎಂಜಿನ್ನಿಗೂ ಮಸಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ‘ಆರ್ಲಿ’. ಕನ್ನಡದಲ್ಲಿ ಹಾಲು ಆರುತ್ತದೆ, ಬಟ್ಟೆ ಆರುತ್ತದೆ, ದೀಪವೂ ಆರುತ್ತದೆ. ತಣಿಯುವುದಕ್ಕೂ ನಂದುವುದಕ್ಕೂ ಒಂದೇ ಮಾತು. ಬಾಯಿ ಆರಿದರೆ ಬಾಯಾರಿಕೆ. ದುಡಿದು ಬಂದವನು ಮಾಡುವುದು ದಣಿವಾರಿಸಿಕೊಳ್ಳುವುದು. ಇಷ್ಟನ್ನೂ ಒಂದೇ ಧಾತುವಿಗೆ ಗಂಟು ಹಾಕಿದವರಿಗೆ, ತಣಿಯುವುದನ್ನು ಬಿಟ್ಟು ನಂದುವುದು ಬೇರೊಂದಿದೆ ಅಂತ ಅನಿಸಿರಲಿಕ್ಕಿಲ್ಲ. ಒಲೆಯ ಬೆಂಕಿ ತಣಿತಣಿದೇ ನಂದುತ್ತಿತ್ತು. ಇವೆರಡನ್ನೂ ಸೀಳಿದ್ದು ಸ್ವಿಚ್ಚು. ಈಗ ಬೆಳಕು ಹೋಗುತ್ತದೆ, ಕಾವು ಉಳಿಯುತ್ತದೆ.

ಅಜ್ಜಿ ದೀಪ ಆರಿಸು ಅನ್ನುತ್ತಿರಲಿಲ್ಲ, ಅದು ಅಪಶಕುನ. ಶಾಂತ ಮಾಡು ಅನ್ನುತ್ತಿದ್ದಳು. ಲಾಟೀನಾದರೆ ಮೊದಲು ಬತ್ತಿ ಇಳಿಸುತ್ತಿದ್ದಳು. ಉರಿ ಹುರುಳಿ ಕಾಳಿನಷ್ಟಾಗಿ, ಗಾಜಿನ ಬಿಸಿ ಇಳಿದ ಮೇಲೆ ಒಂದು ಉಫ್. ಅಪ್ಪ ನೊಗ ಇಳಿಸಿದ ಕೂಡಲೇ ಎತ್ತಿಗೆ ನೀರು ತೋರಿಸುತ್ತಿರಲಿಲ್ಲ. ಎರಡು ಸುತ್ತು ಸುಮ್ಮನೆ ನಡೆಸಿ, ಬೆನ್ನು ಸವರಿ, ಆಮೇಲೆ ನೀರಿನ ಬಾನಿಗೆ. ಇಬ್ಬರಿಗೂ ಟರ್ಬೊ ಅಂದರೆ ಏನೆಂದು ಗೊತ್ತಿರಲಿಲ್ಲ. ನಿಲ್ಲಿಸಿಬಿಟ್ಟರೆ ಆರುವುದಿಲ್ಲ, ಸಣ್ಣ ಕೆಲಸ ಕೊಟ್ಟರೆ ಆರುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಬೇಯೋ ತನಕ ಇದ್ದವರಿಗೆ ಆರೋ ತನಕ ಇರೋಕೆ ಆಗಲ್ವಾ ಅನ್ನುವ ಗಾದೆಯನ್ನು ತಾಳ್ಮೆಯ ಪಾಠ ಅಂದುಕೊಂಡೇ ದೊಡ್ಡವನಾದೆ. ಈಗ ನೋಡಿದರೆ ಆರುವುದೂ ಅಡಿಗೆಯದೇ ಒಂದು ಭಾಗ, ನಾವು ಅದನ್ನು ಲೆಕ್ಕದಿಂದ ಬಿಟ್ಟಿದ್ದೇವೆ. ಲಾರಿ ಬಾಡಿಗೆಯ ಲೆಕ್ಕದಲ್ಲಿ ಕಿಲೋಮೀಟರ್ ಇದೆ, ಟನ್ ಇದೆ. ಆ ಮೂರು ನಿಮಿಷಕ್ಕೆ ಕಲಮೇ ಇಲ್ಲ.

ಕೆರೆಯತ್ತ ತಿರುಗಿ ಕೂತೆ. ಬೋರ್ಡಿನಲ್ಲಿ ಇದು ಶಾಂತಿಸಾಗರ, ಬಸ್ಸಿನವರ ಬಾಯಲ್ಲಿ ಸೂಳೆಕೆರೆಯೇ. ಕೆರೆ ಕಟ್ಟಿಸಿದ ಶಾಂತವ್ವನ ಕಥೆಗೂ ನೆಲ ಬಿಟ್ಟುಕೊಟ್ಟ ಸೂಳೆಯರ ಕಥೆಗೂ ಹೆಸರಿನಲ್ಲಿ ಜಾಗ ಸಿಕ್ಕಿದ್ದು ನನಗೆ ಸರಿಯೇ ಅನಿಸುತ್ತದೆ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಒಂದು ಚಿಕ್ಕ ಏರಿ, ಅದರ ಹಿಂದೆ 6,550 ಎಕರೆ ನೀರು. ಅಷ್ಟು ಭಾರ ಹೊತ್ತ ಏರಿ ಇಷ್ಟು ಶತಮಾನ ನಿಂತಿದೆ. ಸಿದ್ಧನಾಲೆ, ಬಸವನಾಲೆಗಳಲ್ಲಿ ನೀರು ಇಳಿಯುವುದೂ ಹೀಗೇ, ಸಣ್ಣಗೆ. ಉಳಿದದ್ದು ಹರಿಹರದ ಹತ್ತಿರ ತುಂಗಭದ್ರೆಗೆ. ಹೋಲಿಕೆ ಎಳೆದು ತಂದೆ ಅನಿಸಿದರೆ ಬಿಟ್ಟುಬಿಡಿ, ಕೆರೆಗೆ ನನ್ನ ಹೋಲಿಕೆಯ ಹಂಗಿಲ್ಲ.

ಹೊತ್ತು ಮುಳುಗಿತ್ತು, ಗಾಳಿ ತಣ್ಣಗಾಗಿತ್ತು. ಕೂತ ಕಲ್ಲು ಮಾತ್ರ ಅಂಗೈಗೆ ಇನ್ನೂ ಬೆಚ್ಚಗಿತ್ತು. ಡ್ರೈವರ್ ಕ್ಯಾಬಿನ್ ಹತ್ತಿ ಕೀ ತಿರುಗಿಸಿದ. ಸದ್ದು ಒಮ್ಮೆಗೇ ಬಿದ್ದುಹೋಯಿತು. ಕೆರೆಯ ಕಡೆಯಿಂದ ಕಪ್ಪೆಗಳು ಕೇಳತೊಡಗಿದವು. ಅವನು ಲಾರಿಯ ಪಕ್ಕದಲ್ಲೇ ಟವೆಲ್ ಹಾಸಿ ಬುತ್ತಿ ಬಿಚ್ಚಿದ, ರೊಟ್ಟಿ ಮುರಿದ. ಕ್ಯಾಬಿನ್ನಿನ ಅಡಿಯಲ್ಲಿ ಕಬ್ಬಿಣ ಟಿಕ್ ಅಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್. ಅದರ ಮುಂದಿನದು ಇನ್ನಷ್ಟು ತಡವಾಗಿ ಬಂತು.